ಬಿಚ್ಚದ ಮುಷ್ಟಿ

ವಿರೂಪಣ್ಣನವರು ಮಣ್ಣಾಗಿ ತಿಂಗಳು ತುಂಬುವ ಹೊತ್ತಿಗೆ ರಾಯಚೂರಿನ ಆ ಮನೆಯಲ್ಲಿ ಎಲ್ಲರೂ ತಂತಮ್ಮ ಕೆಲಸಕ್ಕೆ ಹತ್ತಿದ್ದರು. ಮಗ ಉದಯಕುಮಾರ ಕರೆಂಟ್ ಆಫೀಸಿಗೆ ಹೋಗಿ ಬರುತ್ತಿದ್ದ. ಸೊಸೆ ಶಶಿಕಲಾ ಡಬ್ಬಿ ಕಟ್ಟಿಕೊಂಡು ದೇವದುರ್ಗದ ಬಸ್ಸು ಹಿಡಿಯುತ್ತಿದ್ದಳು. ಅಲ್ಲಿಯ ಹೈಸ್ಕೂಲಿನಲ್ಲಿ ಅವಳು ವಿಜ್ಞಾನ ಕಲಿಸುತ್ತಾಳೆ. ಮೊಮ್ಮಗಳು ಐಶ್ವರ್ಯ ಕಾಲೇಜು, ಫೋನು, ಗೆಳತಿಯರು ಅಂತ ಮೊದಲಿನಂತೆಯೇ ಮನೆ ತುಂಬ ಓಡಾಡುತ್ತಿದ್ದಳು. ಅಂಬಮ್ಮನಿಗೆ ಮಾತ್ರ ಹೊಸದೊಂದು ಕೆಲಸ ಬಂದಿತ್ತು. ನಸುಕಿನಲ್ಲಿ ಹಾಸಿಗೆಯ ಮೇಲೆ ಎದ್ದು ಕೂತು ಕಿವಿಗೊಡುವುದು.

ನಳಕ್ಕೆ ನೀರು ಬರುವುದಕ್ಕಿಂತ ಮುಂಚೆ, ಹಾಲಿನವನ ಗಾಡಿ ಇನ್ನೂ ಓಣಿಗೆ ಬಾರದ ಹೊತ್ತಿನಲ್ಲಿ, ಪಡಸಾಲೆಯ ಮೂಲೆಯಿಂದ ಸಪ್ಪಳ ಬರುತ್ತಿತ್ತು. ಟಕ್. ಸ್ವಲ್ಪ ತಡೆದು ಮತ್ತೆ ಟಕ್. ಬೆರಳು ಮಣಿ ಸರಿಸಿದ ಹಾಗೆ. ಎದ್ದು ಹೋಗಿ ನೋಡಿದರೆ ಅವರ ಮಣೆ ಇತ್ತು, ಅವರ ತಲೆ ತಾಗಿ ತಾಗಿ ಗೋಡೆಗೆ ಮೂಡಿದ ಎಣ್ಣೆಕಲೆ ಇತ್ತು. ಮತ್ತೇನೂ ಇರಲಿಲ್ಲ.

ವಿರೂಪಣ್ಣನವರು ಸಿರವಾರದ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಮುನೀಮರಾಗಿ ಆಯುಷ್ಯ ಕಳೆದವರು. ಮಾತು ಕಮ್ಮಿ. ಅಂಬಮ್ಮ ಮದುವೆಯಾಗಿ ಬಂದ ದಿನದಿಂದ ಕಂಡದ್ದು ಒಂದೇ ಪದ್ಧತಿ. ಲಿಂಗಪೂಜೆ ಮುಗಿಸಿ, ರುದ್ರಾಕ್ಷಿ ಸರವನ್ನು ಕಾವಿ ಬಟ್ಟೆಯ ಚೀಲದೊಳಗೆ ಇಟ್ಟು, ಅದರೊಳಗೆ ಬಲಗೈ ಹಾಕಿ ಜಪಕ್ಕೆ ಕೂರುವರು. ತೋರುಬೆರಳು ಮಣಿಗೆ ತಾಗಬಾರದು. ದೊಡ್ಡ ಮಣಿ ಬಂದರೆ ದಾಟಬಾರದು, ಸರ ತಿರುಗಿಸಿಕೊಂಡು ಹಿಂದಕ್ಕೆ ಬರಬೇಕು. ಆ ಸರವನ್ನು ಬೇರೆ ಯಾರೂ ಮುಟ್ಟಬಾರದು; ಯಾರೂ ಅಂದರೆ ಹೆಂಡತಿಯೂ ಸೇರಿ. ಹೀಗಾಗಿ ಅಂಬಮ್ಮನಿಗೆ ಆ ಸರದ ಪರಿಚಯ ಇದ್ದದ್ದು ಕಿವಿಯಿಂದ. ಒಣ ಶೇಂಗಾದ ಸಿಪ್ಪೆ ತಿಕ್ಕಿದಂಥ ಒರಟು ಸಪ್ಪಳ ಅದು.

ಈಗ ಬರುತ್ತಿದ್ದ ಸಪ್ಪಳ ನುಣುಪಾಗಿತ್ತು. ಕಟ್ಟಿಗೆಯದು. ಗಂಡ ಕೂರುವ ಜಾಗದಲ್ಲಿ ಯಾವುದೋ ಬೇರೆ ಸರ ಎಣಿಸುತ್ತ ಯಾರೋ ಕೂತಿದ್ದಾರೆ ಅಂತ ಅನ್ನಿಸಿದಾಗಲೆಲ್ಲ ಅವಳ ಮೈಗೆ ಚಳಿ ಹತ್ತುತ್ತಿತ್ತು.

"ನಿಮಗ ಯಾರಿಗೂ ಏನೂ ಕೇಳಸಂಗಿಲ್ಲೇನು?" ಅಂತ ಒಂದು ಬೆಳಿಗ್ಗೆ ಎಲ್ಲರೂ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದಾಗ ಮತ್ತೊಮ್ಮೆ ಕೇಳಿದಳು.

"ಅಜ್ಜಿ, ನಿನ್ನೆ ನನ್ನ ಫೋನು ಅಲ್ಲೇ ಇಟ್ಟು ರೆಕಾರ್ಡ್ ಮಾಡೀನಿ," ಅಂದಳು ಐಶ್ವರ್ಯ. "ಫ್ಯಾನ್ ಸಪ್ಪಳ ಅದ, ಗೊರಕಿ ಅದ. ಅಜ್ಜಂದು ಪತ್ತೆ ಇಲ್ಲ."

"ಗೊರಕಿ ಹೊಡಿಯಾಕ ನಾ ಎಲ್ಲಿ ಮಲಗೀನಬೇ?"

"ಹಂಗಾರ ಅಪ್ಪಂದು."

"ನನ್ನ ಯಾಕ ನಡುವ ತರ್ತಿ?" ಉದಯಕುಮಾರ ಮಿರ್ಚಿ ಕಡಿಯುತ್ತ ಅಂದ. "ಯವ್ವಾ, ಗೋಡ್ಯಾಗ ಹಲ್ಲಿ ಲೊಚಗುಟ್ಟತಾವ. ನೀ ಅದನ್ನ ಕೇಳ್ಕೋಂತ ಕುಂದ್ರಬ್ಯಾಡ."

"ಹಲ್ಲಿ ಜಪ ಮಾಡ್ತದೇನಪಾ?"

ಎಲ್ಲರೂ ನಕ್ಕರು. ಶಶಿಕಲಾ ನಗಲಿಲ್ಲ. "ನನಗೇನೂ ಕೇಳಸಂಗಿಲ್ರಿ ಅತ್ತಿ," ಅಂತ ಡಬ್ಬಿಯ ಮುಚ್ಚಳ ಒತ್ತಿ ಎದ್ದಳು. ಅವಳನ್ನು ಯಾರೂ ಬೇರೆಯಾಗಿ ಕೇಳಿರಲಿಲ್ಲ. ಅಂಬಮ್ಮ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು.

ಸೊಸೆಯ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಉದಯ ಮೆಚ್ಚಿ ಮಾಡಿಕೊಂಡ ಹುಡುಗಿ. ದೇವದುರ್ಗದವರು, ಬೌದ್ಧರು. ತಂದೆ ಕೂಲಿ ಮಾಡಿ ಓದಿಸಿದ್ದ. ಮದುವೆಯಾದ ಹೊಸದರಲ್ಲಿ ವಿರೂಪಣ್ಣನವರು ಮಗನ ಮನೆಯ ಹೊಸಿಲು ತುಳಿಯಲಿಲ್ಲ. ಐಶ್ವರ್ಯ ಹುಟ್ಟಿದ ಮೇಲೆ ಬಂದರು, ಬಂದು ಉಳಿದರು. ಆದರೆ ಸೊಸೆ ಬಡಿದ ರೊಟ್ಟಿ ಅವರ ತಾಟಿಗೆ ಬೀಳಲಿಲ್ಲ. ಒಂದೇ ಅಡುಗೆಮನೆಯಲ್ಲಿ ಅಂಬಮ್ಮ ಅವರಿಗೆಂದು ಬೇರೆ ಹಂಚು ಇಡುತ್ತಿದ್ದಳು. ಶಶಿಕಲಾ ಒಂದು ದಿನವೂ ಅದರ ಮಾತೆತ್ತಲಿಲ್ಲ. ಎತ್ತದೇ ಇದ್ದದ್ದೇ ಅಂಬಮ್ಮನಿಗೆ ಭಾರವಾಗಿತ್ತು.

*

ಭಾನುವಾರ ಅಟ್ಟದ ಮೇಲಿನ ಆಸ್ಪತ್ರೆ ಬ್ಯಾಗನ್ನು ಅಂಬಮ್ಮ ಕೆಳಗಿಳಿಸಿದಳು. ಅವರು ಹೋದ ದಿನ ಯಾರೋ ಮೇಲಕ್ಕೆ ಎಸೆದದ್ದು ಹಾಗೇ ಇತ್ತು. ಒಳಗಿನ ಚಾದರ, ಟವೆಲು ತೊಳೆಯಬೇಕು ಅಂತ ಕೊಡವಿದಾಗ ಕಾವಿ ಚೀಲ ನೆಲಕ್ಕೆ ಬಿತ್ತು. ಬಿದ್ದಾಗ ಕರಕರ ಅಂತು. ಕೇಳಿದ ಕೂಡಲೇ ಗೊತ್ತಾಯಿತು. ಕೈ ಹಾಕಿ ನೋಡಿದಳು. ರುದ್ರಾಕ್ಷಿ ಸರ.

ಅವಳು ಅಲ್ಲಿಯೇ ಕೂತುಬಿಟ್ಟಳು. ಆ ಸರ ಅವರ ಜೊತೆ ಮಣ್ಣಿಗೆ ಹೋಗಿದೆ ಅಂತ ಇಡೀ ಬಳಗ ತಿಳಿದಿತ್ತು.

ಅವತ್ತು ಆದದ್ದು ಹೀಗೆ. ಮಾನ್ವಿಯ ಹತ್ತಿರದ ಹೊಲದಲ್ಲಿ ಕುಣಿ ತೋಡಿ, ಪದ್ಧತಿಯಂತೆ ಅವರನ್ನು ಕೂರಿಸಿ, ಮಠದ ಅಯ್ಯನವರು ಎಡಗೈಯಲ್ಲಿ ಲಿಂಗ ಇಡಲು ಹೋದರು. ಎಡಗೈ ಮುಷ್ಟಿ ಕಟ್ಟಿತ್ತು. ಒಂದೊಂದೇ ಬೆರಳು ಬಿಡಿಸಲು ನೋಡಿದರು. ಬರಲಿಲ್ಲ. ಕೊನೆಗೆ ವಿರೂಪಣ್ಣನವರ ತಮ್ಮ ಮಲ್ಲೇಶ, "ಜಪದ ಸರ ಹಿಡಕೊಂಡಾನ ನಮ್ಮಣ್ಣ. ಬಿಡ್ರಿ, ಹಿಡಕೊಂಡಽ ಹೋಗ್ಲಿ," ಅಂದ. ಮಂದಿ ಕೈ ಮುಗಿದರು. ಲಿಂಗವನ್ನು ಕೊರಳಿಗೆ ಕಟ್ಟಿ ವಿಭೂತಿ ಮುಚ್ಚಿದರು.

ಸರ ಇಲ್ಲಿದೆ. ಹಾಗಾದರೆ ಆ ಮುಷ್ಟಿಯಲ್ಲಿ ಏನಿತ್ತು?

ಸುದ್ದಿ ಮಾನ್ವಿಗೆ ಮುಟ್ಟಿದ್ದೇ ತಡ, ಮಲ್ಲೇಶ ಮರುದಿನ ರಾತ್ರಿ ಊಟದ ಹೊತ್ತಿಗೆ ಬಂದಿಳಿದ. ತಾಟಿನ ಮುಂದೆ ಕೂತು ರೊಟ್ಟಿ ಮುರಿಯುವ ಮೊದಲೇ ತೀರ್ಮಾನ ಹೇಳಿದ.

"ವೈನಿ, ಬರೋ ಸೋಮವಾರ ಸಮಾಧಿಗೆ ಸಿಮೆಂಟ್ ಹಾಕ್ಸಬೇಕಂತ ಗೌಂಡಿಗಿ ಹೇಳೀನಿ. ಸಿಮೆಂಟ್ ಬಿದ್ರ ಮುಗೀತು. ಅದಕ್ಕಿಂತ ಮೊದ್ಲ ಕುಣಿ ಬಿಚ್ಚೂನು. ಸರ ಇಟ್ಟು, ಆ ಕೈಯಾಗ ಏನದ ನೋಡಿ, ಮುಚ್ಚೂನು."

"ಬಿಚ್ಚೋದಾ?" ಉದಯಕುಮಾರ ಕೈಯಲ್ಲಿನ ತುತ್ತು ತಾಟಿಗೆ ಇಟ್ಟ. "ತಿಂಗಳಾತು ಕಾಕಾ."

"ತಿಂಗಳಾತು, ನಿಮ್ಮಪ್ಪ ಇನ್ನಾ ಪಡಸಾಲ್ಯಾಗ ಕುಂತಾನ. ನಿಮ್ಮವ್ವನ್ನ ಕೇಳು. ಸರ ಬಿಟ್ಟು ಹೋದ ಜೀವ ಸರ ಹುಡಿಕ್ಕೋಂತ ಬರಲಾರದ ಏನ್ ಮಾಡ್ತದ?"

ಅಂಬಮ್ಮ ಪುಂಡಿಪಲ್ಯ ಬಡಿಸುತ್ತಿದ್ದವಳು ಹಾಗೇ ನಿಂತಳು. ತನ್ನ ಮನಸ್ಸಿನ ಮಾತನ್ನೇ ಅವನು ಆಡಿದ್ದ. "ಬಿಚ್ಚೂದಽ ಸರಿ," ಅಂದಳು. "ಅವ್ರಿಗಿ ನೆಲಿ ಸಿಗಬೇಕು."

"ಬ್ಯಾಡ್ರಿ."

ಬಾಗಿಲ ಬಳಿ ನಿಂತಿದ್ದ ಶಶಿಕಲಾ ಅಂದಳು. ಆ ಮನೆಯಲ್ಲಿ ಅವಳು ದನಿ ಎತ್ತಿದ್ದು ಯಾರಿಗೂ ನೆನಪಿರಲಿಲ್ಲ. "ಸತ್ತವರ ಕೈ ಬಿಡಸಾಕ ಹೋಗಬ್ಯಾಡ್ರಿ ಕಾಕಾ. ಕೈ ಮುಗಿತೀನಿ."

ಮಲ್ಲೇಶ ತಾಟಿನಿಂದ ತಲೆ ಎತ್ತಿದ. "ನೀ ಸೈನ್ಸ್ ಟೀಚರು. ನಿನಗಿದೆಲ್ಲ ತಿಳಿಯಂಗಿಲ್ಲ."

"ಸೈನ್ಸ್ ತಿಳೀತದ, ಅದಕ್ಕಽ ಹೇಳಾಕತ್ತೀನಿ. ತಿಂಗಳ ಮ್ಯಾಲ ಬಿಚ್ಚಿದ್ರ ಏನ್ ನೋಡ್ತೀರಿ ಅಂತ ನಿಮಗ ಗೊತ್ತಿಲ್ಲ."

"ಆಸ್ಪತ್ರ್ಯಾಗ ಕೊನಿಗಿ ಅಣ್ಣನ ಹಂತೇಲಿ ಇದ್ದಾಕಿ ನೀನಽ ಅಲ್ಲೇನು?" ಮಲ್ಲೇಶನ ದನಿ ತಣ್ಣಗಾಗಿತ್ತು. "ಆ ಕೈಯಾಗ ಏನದ ಅಂತ ನಿನಗ ಗೊತ್ತಿರಬೇಕಲ್ಲ?"

ಶಶಿಕಲಾ ನೀರಿನ ತಂಬಿಗೆ ಕೆಳಗಿಟ್ಟು ಮಹಡಿ ಮೆಟ್ಟಿಲು ಹತ್ತಿದಳು.

"ನೋಡಿದೇನೋ?" ಅಂದ ಮಲ್ಲೇಶ ಉದಯನಿಗೆ. "ಏನರ ಮಾಡಿ ಇಟ್ಟಾಳ."

"ಕಾಕಾ, ಬಾಯಿಗಿ ಬಂದಂಗ ಮಾತಾಡಬ್ಯಾಡ್ರಿ."

"ಹಂಗಾರ ಕೇಳು ನೀನಽ. ಗಂಡ ಅದಿಯಲ್ಲ."

ಉದಯಕುಮಾರ ಕೇಳಿದನೋ ಇಲ್ಲವೋ ಅಂಬಮ್ಮನಿಗೆ ತಿಳಿಯಲಿಲ್ಲ. ಆ ವಾರ ಗಂಡ ಹೆಂಡತಿ ತಂತಮ್ಮ ತಾಟಿನ ಕಡೆ ಮಾತ್ರ ನೋಡುತ್ತ ಉಂಡು ಏಳುತ್ತಿದ್ದರು. ಒಂದು ದಿನ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಯಾರೂ ಕೇಳಲಿಲ್ಲ, ಹಾಗೇ ಉಂಡರು. ನಸುಕಿನಲ್ಲಿ ಸಪ್ಪಳ ಮಾತ್ರ ತಪ್ಪಲಿಲ್ಲ. ರುದ್ರಾಕ್ಷಿಯ ಚೀಲವನ್ನು ಮಣೆಯ ಮೇಲೆ ಇಟ್ಟು ನೋಡಿದಳು ಅಂಬಮ್ಮ. ಚೀಲ ಅಲ್ಲಾಡಲಿಲ್ಲ. ಅದರ ಪಕ್ಕದಲ್ಲೇ, ಒಂದು ಮೊಳ ಎತ್ತರದಲ್ಲಿ, ಮಡಿಲ ಮೇಲೆ ಕೈ ಇಟ್ಟುಕೊಂಡವರಿಂದ ಬಂದಂತೆ, ಟಕ್ ಅಂತು.

*

ಸೊಸೆಯ ಬಾಯಿ ಬಿಡಿಸುವುದಾಗದಿದ್ದರೆ ಅವಳ ತಾಯಿಯ ಬಾಯಿ ಬಿಡಿಸಬೇಕು ಅಂತ ಅಂಬಮ್ಮ ಮನೆಯಲ್ಲಿ ಯಾರಿಗೂ ಹೇಳದೆ ದೇವದುರ್ಗದ ಬಸ್ಸು ಹತ್ತಿದಳು. ಬೀಗತಿ ಶೇಖಮ್ಮನ ಮನೆಗೆ ಅವಳು ಹಿಂದೆ ಬಂದದ್ದು ಒಂದೇ ಸಲ, ಐಶ್ವರ್ಯಳ ತೊಟ್ಟಿಲಿಗೆ. ಅವತ್ತು ಹೊಟ್ಟೆ ಸರಿಯಿಲ್ಲ ಅಂತ ನೀರೂ ಕುಡಿದಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಒಳಗೆ ಮಧ್ಯಾಹ್ನದ ಬೆಳಕು. ಹೊಸಿಲ ಮೇಲೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು.

ಟಕ್. ಸ್ವಲ್ಪ ತಡೆದು, ಟಕ್.

"ಯಾರದು? ಅಯ್ಯ, ಬೀಗತ್ಯಾರಾ! ಬರ್ರಿ, ಬರ್ರಿ. ಹಂಗ್ಯಾಕ ನಿಂತೀರಿ, ದೆವ್ವ ಕಂಡಂಗ?"

ಚಾಪೆಯ ಮೇಲೆ ಕೂತಿದ್ದ ಶೇಖಮ್ಮ ಎದ್ದು ಬಂದಳು. ಅವಳ ಎಡಗೈಯಲ್ಲಿ ಕಟ್ಟಿಗೆ ಮಣಿಯ ಚಿಕ್ಕ ಸರವಿತ್ತು, ಮುಂಗೈಗೆ ಬಳೆಯಂತೆ ಹಾಕಿಕೊಳ್ಳುವಷ್ಟು. ಅಂಬಮ್ಮ ಚಾಪೆಯ ಮೇಲೆ ಕೂತಳು. ನೀರು ಕೊಟ್ಟರು, ಕುಡಿದಳು. ಚಹಾ ಬಂತು, ಅದನ್ನೂ ಕುಡಿದಳು.

"ಏನ್ರಿ ಇದು?"

"ಇದಾ? ನಮ್ಮ ಮಂದ್ಯಾಗ ಸರ ಹಿಡಿಯೋದು ಮೊದ್ಲ ಇದ್ದಿಲ್ರಿ. ಮುಂಡಗೋಡದ ಟಿಬೆಟ್ ಕ್ಯಾಂಪಿಗಿ ಟ್ರಿಪ್ ಹೋಗಿದ್ವಿ. ಅಲ್ಲೊಬ್ಬ ಮುದುಕ ಭಿಕ್ಕು ಕೊಟ್ಟು, ಎಣಸೋದು ತೋರಿಸಿದ. ಅವ್ರ ಮಂತ್ರ ನನ್ನ ನಾಲಿಗಿಗಿ ಹೊಳ್ಳಲಿಲ್ಲ. ಒಂದೊಂದು ಮಣಿಗಿ ಬುದ್ಧಂ ಶರಣಂ ಅಂತೀನಿ. ನಿದ್ದಿ ಚಲೋ ಬರ್ತದ." ಶೇಖಮ್ಮ ನಕ್ಕಳು. "ಎರಡು ತಂದಿದ್ದೆ. ಒಂದು ಶಶಿಗಿ ಕೊಟ್ಟೆ."

"ಎಡಗೈಲೆ ಎಣಸ್ತೀರಲ್ಲ?"

"ಅವ್ರು ಹಂಗಽ ತೋರಿಸಿದ್ರು. ಅವ್ರದು ಎಡಗೈಯಂತ."

ಅಂಬಮ್ಮ ಬಂದ ಕೆಲಸ ಬಾಯಿಬಿಟ್ಟು ಹೇಳಲೇ ಇಲ್ಲ. ತಿರುಗಿ ಬಸ್ಸಿನಲ್ಲಿ ಕೂತಾಗ ಸೊಸೆಯ ಎಡಗೈ ಕಣ್ಣ ಮುಂದೆ ಬಂತು. ರೊಟ್ಟಿ ಬಡಿಯುವಾಗ ಮೇಲೆ ಸರಿಸಿಕೊಳ್ಳುತ್ತಿದ್ದ ಆ ಮಣಿಸರ, ಆಸ್ಪತ್ರೆಯಿಂದ ಬಂದ ಮೇಲೆ ಆ ಕೈಯಲ್ಲಿ ಕಂಡಿರಲಿಲ್ಲ. ಬೀಗತಿಯ ಮನೆಯ ಚಹಾದ ರುಚಿ ಬಾಯಲ್ಲಿ ಇನ್ನೂ ಇದೆ ಅಂತ ಗೊತ್ತಾದದ್ದು ರಾಯಚೂರು ಸ್ಟ್ಯಾಂಡಿನಲ್ಲಿ ಇಳಿದಾಗ.

*

ಸಂಜೆ ಶಶಿಕಲಾ ಶಾಲೆಯಿಂದ ಬಂದು ಮೆಂತ್ಯ ಸೋಸುತ್ತ ಕೂತಾಗ ಅಂಬಮ್ಮ ಎದುರಿಗೆ ಕೂತಳು. ತಾನೂ ಒಂದು ಕಟ್ಟು ಬಿಚ್ಚಿದಳು.

"ನಿನ್ನ ಕೈಯಾಗಿನ ಸರ ಎಲ್ಲೆದ?"

ಶಶಿಕಲಾಳ ಕೈ ನಿಂತಿತು. "ಮಾವರ ಕಡಿ ಅದ್ರಿ ಅತ್ತಿ."

"ಹೇಳು."

ಅವಳು ಸೊಪ್ಪಿನ ಕಡ್ಡಿ ನೋಡುತ್ತಲೇ ಹೇಳಿದಳು. ಆಸ್ಪತ್ರೆಯಲ್ಲಿ ಒಳಗೆ ಒಬ್ಬರನ್ನೇ ಬಿಡುತ್ತಿದ್ದರು. ಅಂಬಮ್ಮನ ಬಿಪಿ ಏರಿ ಅವಳನ್ನು ಮನೆಗೆ ಕಳಿಸಿದ್ದರು. ಲಕ್ವ ಹೊಡೆದು ವಿರೂಪಣ್ಣನವರ ಬಲಗೈ ಹೋಗಿತ್ತು, ಮಾತು ಹೋಗಿತ್ತು. ನಸುಕಾದರೆ ಕಣ್ಣು ಚೀಲದ ಕಡೆ ಹೋಗುತ್ತಿದ್ದವು.

"ಚೀಲ ಎಡಗೈಗಿ ಕೊಟ್ಟೆ. ತಲಿ ಅಲ್ಲಾಡಿಸಿ ಒಲ್ಲೆ ಅಂದ್ರು. ರುದ್ರಾಕ್ಷಿ ಎಡಗೈಲೆ ಎಣಸಂಗಿಲ್ಲಲ್ರಿ. ದಿನಾ ಹಂಗಽ ಚೀಲ ನೋಡಿ ಅಳ್ತಿದ್ರು. ನನಗ ನೋಡಾಕಾಗಲಿಲ್ಲ. ನನ್ನ ಸರ ತಗದು, ಮಾವರೆ ಇದು ಎಡಗೈದಽ, ನಮ್ಮವ್ವ ಹಿಂಗಽ ಎಣಸ್ತಾಳ ಅಂದೆ. ನೀವು ನಿಮ್ಮದು ಮನಸ್ಸಿನಾಗ ಅನ್ರಿ, ನಾ ನಮ್ಮದು ಅಂತೀನಿ ಅಂದೆ. ಬಾಳೊತ್ತು ನೋಡಿದ್ರು. ಆಮ್ಯಾಲ ಕೈ ಚಾಚಿದ್ರು."

"ಬೆರಳು ಆಡ್ತಿದ್ವೇನು?"

"ಕಸುವು ಇದ್ದಿಲ್ರಿ. ನನ್ನ ಬೆರಳ ಮ್ಯಾಲ ಅವ್ರ ಬೆರಳು ಇಟಗೊಂಡು ಸರಸ್ತಿದ್ವಿ."

ಕುಲದ ಮಾತು ಅಂಬಮ್ಮನ ತಲೆಗೆ ಬರಲಿಲ್ಲ. ಬಂದದ್ದು ಬೇರೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಅವರ ಜಪದ ಕೈಯನ್ನು ತಾನು ಒಂದು ಸಲವೂ ಹಿಡಿದಿರಲಿಲ್ಲ. ಅವರು ಹಿಡಿಗೊಟ್ಟಿರಲಿಲ್ಲ. ಯಾರ ರೊಟ್ಟಿ ಒಲ್ಲೆ ಅಂದರೋ ಅವಳಿಗೆ ಕೊಟ್ಟು ಹೋದರು. ಎದೆಯಲ್ಲಿ ಉರಿದದ್ದು ಹೊಟ್ಟೆಕಿಚ್ಚು ಅಂತ ಅವಳಿಗೇ ಗೊತ್ತಾಯಿತು.

"ನನಗರ ಹೇಳಬಾರದೇನು?"

"ಹೆಂಗ ಹೇಳ್ಲಿ? ಕುಣಿ ಮುಂದ ಅಯ್ಯನವರು ಬೆರಳು ಬಿಡಸಾಕತ್ತಿದ್ರು. ಅದು ನಂದು ಅಂದಿದ್ರ ಕಾಕಾ ಮುಷ್ಟಿ ಮುರದು ತಗೀತಿದ್ರು. ಈಗೂ ಅದನ್ನಽ ಮಾಡ್ತಾರ. ಮೈಲಿಗಿ ಸರ ಅಂತ ಒಗೀತಾರ. ಒಗದ್ರ ಒಗೀಲಿ, ಮಾವರ ಬೆರಳು ಮುರಿಬ್ಯಾಡ್ರಿ ಅಂತ ನಾ ಅನ್ನೋದು."

"ನಸುಕಿನಾಗ ಸಪ್ಪಳ?"

ಶಶಿಕಲಾ ಮೊದಲ ಸಲ ಅತ್ತೆಯ ಮುಖ ನೋಡಿದಳು. ಕಣ್ಣಲ್ಲಿ ಅಂಜಿಕೆ ಇತ್ತು. "ಕೇಳಸ್ತದ್ರಿ. ಮೊದ್ಲ ದಿನದಿಂದ ಕೇಳಸ್ತದ. ಅದಕ್ಕಽ ತಲಿ ತುಂಬ ಚಾದರ ಎಳಕೊಂಡು ಮಲಗ್ತೀನಿ. ನನ್ನ ಸರದ ಸಪ್ಪಳ ನನಗ ತಿಳಿಯಂಗಿಲ್ಲೇನು?"

ಹೊರಗೆ ಉದಯಕುಮಾರನ ಗಾಡಿ ನಿಂತಿತು. ಅತ್ತೆ ಸೊಸೆ ಇಬ್ಬರೂ ಒಮ್ಮೆಗೇ ಸೊಪ್ಪಿಗೆ ಕೈ ಹಾಕಿದರು.

*

ಸೋಮವಾರ ಮಾನ್ವಿಯ ಹೊಲದಲ್ಲಿ ಮಲ್ಲೇಶ ಎಲ್ಲ ಸಿದ್ಧ ಮಾಡಿಟ್ಟಿದ್ದ. ಅಯ್ಯನವರು ಕೊಡೆ ಹಿಡಿದು ಬೇವಿನ ನೆರಳಲ್ಲಿ ಕೂತಿದ್ದರು. ಗೌಂಡಿ ಸಲಾವುದ್ದೀನ್ ಒಂದು ಕಡೆ ಸಿಮೆಂಟು ಕಲಸುತ್ತಿದ್ದ. ಇನ್ನೊಂದು ಕಡೆ ಹಾರೆ, ಸಲಿಕೆ ಇದ್ದವು. ಸಮಾಧಿಯ ಮೇಲೆ ಹೇರಿದ್ದ ಕಲ್ಲುಗಳನ್ನು ಆಗಲೇ ಸರಿಸಿದ್ದರು. ತಗ್ಗಿದ ಮಣ್ಣು ಹಸಿಯಾಗಿ ಕಾಣುತ್ತಿತ್ತು.

"ಹಾರಿ ಹಾಕ್ಲೇನ್ರಿ ಗೌಡ್ರ? ಸಿಮೆಂಟ್ ಗಟ್ಟಿ ಆಕ್ಕದ," ಅಂದ ಸಲಾವುದ್ದೀನ್.

"ಹಾಕು," ಅಂದ ಮಲ್ಲೇಶ. "ವೈನಿ, ಸರ ತಂದೀರಿಲ್ಲ?"

"ತಂದೀನಿ. ಹಾರಿ ಕೆಳಗಿಡಪಾ ಸಲಾವುದ್ದೀನ್."

ಅಂಬಮ್ಮ ಹೋಗಿ ಮಣ್ಣಿನ ಅಂಚಿಗೆ ನಿಂತಳು. ಬಿಸಿಲಿಗೆ ಸೆರಗು ತಲೆ ತುಂಬ ಎಳೆದುಕೊಂಡಳು. "ಆ ಕೈಯಾಗ ಏನದ ಅಂತ ನನಗ ಗೊತ್ತದ. ಕಟಗಿ ಮಣಿ ಸರ. ಕೊಟ್ಟಾಕಿ ನಾನು."

ಉದಯಕುಮಾರ ತಾಯಿಯನ್ನು ನೋಡಿದ. ಶಶಿಕಲಾ ನೆಲ ನೋಡಿದಳು.

"ನೀವಾ?" ಮಲ್ಲೇಶನಿಗೆ ನಂಬಿಕೆ ಬರಲಿಲ್ಲ. "ಯಾವಾಗ? ಎಲ್ಲಿ ಕಟಗಿ ಮಣಿ?"

"ಬಲಗೈ ಬಿದ್ದಿತ್ತು. ರುದ್ರಾಕ್ಷಿ ಎಡಗೈಲೆ ಒಲ್ಲೆ ಅಂದ್ರು. ಮನ್ಯಾಗ ಒಂದು ಸರ ಇತ್ತು, ಎಡಗೈಲೆ ಎಣಸೋದು. ಮನಿದು, ಮನಿಯವರಿಗಿ ಕೊಟ್ಟೆ."

ಮಲ್ಲೇಶ ದಡ್ಡನಲ್ಲ. ಅವನ ಕಣ್ಣು ಶಶಿಕಲಾಳ ಬರಿಗೈ ಮೇಲೆ ಹೋಯಿತು. "ವೈನಿ, ಅದು ಯಾರ ಸರ..."

"ಹೇಳಿದೆನಲ್ಲ, ಮನಿದು ಅಂತ." ಅಂಬಮ್ಮನ ದನಿ ಏರಿತು. "ನಮ್ಮ ಮನಿದು. ನಿನಗ ಇನ್ನಾ ಕೇಳೋದಿದ್ರ ನಿಮ್ಮಣ್ಣನ್ನ ಕೇಳು, ಇಲ್ಲೇ ಕುಂತಾರ."

ಅವಳು ಬೇವಿನ ನೆರಳಿನ ಕಡೆ ತಿರುಗಿದಳು.

"ಅಯ್ಯನವರ, ನೀವಽ ಹೇಳ್ರಿ. ಲಿಂಗ ಹಿಡಿಯೋದು ಯಾವ ಕೈ?"

"ಎಡಗೈನಽ ತಾಯಿ," ಅಂದರು ಅಯ್ಯನವರು.

"ಲಿಂಗ ಕೂಡೋ ಕೈಯಾಗ ಜಪ ಕುಂತ್ರ ತಪ್ಪೇನು?"

ಅಯ್ಯನವರು ಮಲ್ಲೇಶನ ಕಡೆ ನೋಡಿದರು, ಸಮಾಧಿಯ ಕಡೆ ನೋಡಿದರು. ಕೊಡೆ ಮಡಚಿದರು. "ಜಪದಾಗ ಕುಂತವರನ್ನ ಎಬ್ಬಸಬಾರದು," ಅಂದರು. "ಮುಚ್ಚಸ್ರಿ."

ಮಲ್ಲೇಶ ಹೆಗಲ ಮೇಲಿನ ಟವೆಲು ಕೊಡವಿ ಬೇವಿನ ಗಿಡದ ಕಡೆ ನಡೆದ. ಅಲ್ಲಿಂದಲೇ, "ಹಂಗಾರ ರುದ್ರಾಕ್ಷಿನರ ಸಿಮೆಂಟಿನಾಗ ಹಾಕ್ರಿ," ಅಂದ.

"ಅದು ಬಲಗೈದು. ನನ್ನ ಬಲಗೈ ಇನ್ನಾ ಗಟ್ಟಿ ಅದ," ಅಂದಳು ಅಂಬಮ್ಮ. ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕಲ್ಲು ಮತ್ತೆ ಕೂತವು. ಸಿಮೆಂಟು ಬಿತ್ತು. ಸಲಾವುದ್ದೀನ್ ತಾಪಿಯಿಂದ ನುಣ್ಣಗೆ ಎಳೆದು ಪಕ್ಕಕ್ಕೆ ಸರಿದ. ಒಬ್ಬೊಬ್ಬರಾಗಿ ಬಂದು ಕೈ ಮುಗಿದರು. ಕೊನೆಗೆ ಅಂಬಮ್ಮ ಮೊಣಕಾಲೂರಿ ಅಂಚಿನ ಕಲ್ಲಿಗೆ ಹಣೆ ಹಚ್ಚಿದಳು. ಹಣೆ ಹಚ್ಚಿದವಳು ಮೆಲ್ಲಗೆ ಕಿವಿ ಹಚ್ಚಿದಳು. ಎಲ್ಲರೂ ಕಾದರು. ಗಾಳಿಗೆ ಭತ್ತದ ಪೈರು ಅಲ್ಲಾಡಿತು, ದೂರದಲ್ಲಿ ಒಂದು ಟ್ರ್ಯಾಕ್ಟರು ಹೋಯಿತು, ಅವಳು ಏಳಲಿಲ್ಲ.

ಶಶಿಕಲಾ ಬಗ್ಗಿ ಅತ್ತೆಯ ರಟ್ಟೆ ಹಿಡಿದಳು. ಬೇರೆಯವರಿಗೆ ಕೇಳದಂತೆ, "ಅತ್ತಿ," ಅಂದಳು. "ಕೇಳಸ್ತೇನ್ರಿ?"

ಅಂಬಮ್ಮ ಸೊಸೆಯ ಕೈ ಊರಿ ಎದ್ದಳು. ಕೆನ್ನೆಯ ಮೇಲೆ ಹಸಿ ಸಿಮೆಂಟಿನ ಗುರುತು ಇತ್ತು, ಒರೆಸಿಕೊಳ್ಳಲಿಲ್ಲ.

"ಕೇಳಸ್ತು. ನಿಧಾನ ಮಾಡಾಕತ್ತಾರ," ಅಂದಳು. "ಎಡಗೈ, ರೂಢಿ ಆಗಬೇಕಲ್ಲ."